ಬಳೆಯ ಸುತ್ತಿನೊಳಗೊಂದು ಮುಖ: ಟ್ಯೂಡರ್ ಅರಮನೆಯ ಕಿರು ಭಾವಚಿತ್ರವನ್ನು ಮನೆಯಲ್ಲಿ ಬರೆಯುವ ಬಗೆ

ಮನೆಯಲ್ಲಿರುವ ಎರಡು-ಎರಡು ಅಳತೆಯ ಗಾಜಿನ ಬಳೆಯೊಂದನ್ನು ಕಾಗದದ ಮೇಲಿಟ್ಟು ಅದರ ಒಳಸುತ್ತನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ. ಚಿತ್ರಕಾರ ಹಾನ್ಸ್ ಹೋಲ್ಬೈನ್ ಸುಮಾರು 1536ರಲ್ಲಿ ಬರೆದ ಜೇನ್ ಸ್ಮಾಲ್ ಎಂಬ ಮಹಿಳೆಯ ಭಾವಚಿತ್ರದ ಅಳತೆ ಹೆಚ್ಚುಕಡಿಮೆ ಅಷ್ಟೇ, ಐದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಅದು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ನಿಕೋಲಸ್ ಹಿಲಿಯರ್ಡ್ 1577ರಲ್ಲಿ ಬರೆದುಕೊಂಡ ತನ್ನದೇ ಮುಖ ಇನ್ನೂ ಚಿಕ್ಕದು, ಅಡ್ಡಳತೆ ಕೇವಲ 41 ಮಿಲಿಮೀಟರ್. ಇವು ಗೋಡೆಗೆ ತೂಗುಹಾಕುವ ಚಿತ್ರಗಳಲ್ಲ. ಅಂಗೈಯಲ್ಲಿಟ್ಟುಕೊಂಡು, ಕಣ್ಣಿನಿಂದ ಒಂದು ಗೇಣು ದೂರದಲ್ಲಿ ಹಿಡಿದು ನೋಡುವಂಥವು. ಈ ದೂರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಪ್ರತಿಯೊಂದು ಕ್ರಮಕ್ಕೂ ಕಾರಣ ತಾನಾಗಿಯೇ ತಿಳಿಯುತ್ತದೆ.

ಈ ಕಲೆಯನ್ನು ಆ ಕಾಲದಲ್ಲಿ ಲಿಮ್ನಿಂಗ್ ಎಂದು ಕರೆಯುತ್ತಿದ್ದರು. ಮಿನಿಯೇಚರ್ ಎಂಬ ಮಾತಿಗೂ ಮೂಲದಲ್ಲಿ ಚಿಕ್ಕದು ಎಂಬ ಅರ್ಥವಿರಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಮಿನಿಯಮ್ ಎಂದರೆ ಕೆಂಪು ಸೀಸ, ಅಂದರೆ ನಮ್ಮ ಸಿಂಧೂರ. ಹಸ್ತಪ್ರತಿಗಳ ದೊಡ್ಡಕ್ಷರಗಳಿಗೆ ಸಿಂಧೂರ ತುಂಬುವ ಕೆಲಸದಿಂದ ಆ ಹೆಸರು ಬಂದಿತು. ಫ್ಲಾಂಡರ್ಸಿನ ಗೆಂಟ್ ಪಟ್ಟಣದಲ್ಲಿ ಹಸ್ತಪ್ರತಿಗಳಿಗೆ ಚಿತ್ರ ಬರೆಯುತ್ತಿದ್ದ ಮನೆತನದ ಲ್ಯೂಕಾಸ್ ಹೋರೆನ್‌ಬೌಟ್ 1520ರ ದಶಕದಲ್ಲಿ ಇಂಗ್ಲೆಂಡಿನ ಟ್ಯೂಡರ್ ಮನೆತನದ ದೊರೆ ಎಂಟನೆಯ ಹೆನ್ರಿಯ ಆಸ್ಥಾನಕ್ಕೆ ಬಂದಾಗ, ಪುಸ್ತಕದ ಪುಟದೊಳಗಿದ್ದ ಪುಟ್ಟ ಮುಖ ಪುಟವನ್ನು ಬಿಟ್ಟು ಹೊರಬಂದು ತಾನೇ ಒಂದು ಚಿತ್ರವಾಯಿತು. ಹೋಲ್ಬೈನ್ ಈ ವಿದ್ಯೆಯನ್ನು ಲಂಡನ್ನಿನಲ್ಲಿ ಲ್ಯೂಕಾಸ್ ಎಂಬ ಕಲಾವಿದನಿಂದ ಕಲಿತನೆಂದು ಹಳೆಯ ಚರಿತ್ರಕಾರರೊಬ್ಬರು ಬರೆದಿದ್ದಾರೆ. ಬ್ರೂಜ್ ಪಟ್ಟಣದ ಪ್ರಸಿದ್ಧ ಹಸ್ತಪ್ರತಿ ಚಿತ್ರಕಾರ ಸೈಮನ್ ಬೆನಿಂಗನ ಮಗಳು ಲೆವೀನಾ ಟೀರ್ಲಿಂಕ್ 1540ರ ದಶಕದ ನಡುವಿನಲ್ಲಿ ಅದೇ ಆಸ್ಥಾನಕ್ಕೆ ಬಂದು ವರ್ಷಕ್ಕೆ 40 ಪೌಂಡಿನ ಸಂಬಳ ಪಡೆದಳು. ಹೋಲ್ಬೈನನಿಗೆ ದೊರೆಯುತ್ತಿದ್ದುದು 30 ಪೌಂಡ್. ಹಿಲಿಯರ್ಡ್ ಎಕ್ಸೆಟರ್ ಊರಿನ ಅಕ್ಕಸಾಲಿಗನ ಮಗ; ಅವನೂ ಒಂದನೆಯ ಎಲಿಜಬೆತ್ ರಾಣಿಯ ಆಭರಣಕಾರನಾಗಿದ್ದ ರಾಬರ್ಟ್ ಬ್ರ್ಯಾಂಡನನ ಬಳಿ ಅಕ್ಕಸಾಲಿಕೆಯನ್ನೇ ಕಲಿತವನು. ಕಿರು ಭಾವಚಿತ್ರ ಬರೆಯಲು ಕೂರುವವರು ಈ ಹಿನ್ನೆಲೆಯನ್ನು ತಿಳಿದಿರಬೇಕು ಎನ್ನುವುದು ನನ್ನ ದೃಢವಾದ ನಂಬಿಕೆ. ಏಕೆಂದರೆ ಇಲ್ಲಿ ಮುಖವನ್ನು ಬರೆಯುವ ಕೈ ಪುಸ್ತಕದ ಕೈ, ಒಡವೆಯನ್ನು ಬರೆಯುವ ಕೈ ಅಕ್ಕಸಾಲಿಗನ ಕೈ.

ಮೊದಲ ಕೆಲಸ ಹಲಗೆಯನ್ನು ಸಿದ್ಧಮಾಡಿಕೊಳ್ಳುವುದು. ಟ್ಯೂಡರ್ ಕಲಾವಿದರು ಎಳೆಗರುವಿನ ಚರ್ಮದಿಂದ ಮಾಡಿದ, ಈರುಳ್ಳಿ ಸಿಪ್ಪೆಯಂತೆ ತೆಳುವಾದ ವೆಲಮ್ ಹಾಳೆಯನ್ನು ಗಂಜಿಯಿಂದ ಇಸ್ಪೀಟು ಎಲೆಯೊಂದಕ್ಕೆ ಅಂಟಿಸಿ ಅದರ ಮೇಲೆ ಬರೆಯುತ್ತಿದ್ದರು. ಅಂಥ ಚಿತ್ರಗಳ ಬೆನ್ನು ತಿರುಗಿಸಿದರೆ ಇಂದಿಗೂ ಇಸ್ಪೀಟಿನ ಗುರುತು ಕಾಣುವುದುಂಟು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಬೆಳೆದ ಗಂಜೀಫ ಎಲೆಗಳನ್ನು ನೋಡಿದವರಿಗೆ ಇದು ಅಪರಿಚಿತವೆನಿಸದು. ಅಲ್ಲಿ ಆಟದ ಎಲೆಯೇ ಚಿತ್ರ, ಇಲ್ಲಿ ಆಟದ ಎಲೆ ಚಿತ್ರದ ಬೆನ್ನೆಲುಬು. ವೆಲಮ್ ನಮಗೆ ಸುಲಭವಾಗಿ ಸಿಗುವುದಿಲ್ಲ. ನಮ್ಮ ತೊಗಲುಗೊಂಬೆಯ ಚರ್ಮ ಈ ಕೆಲಸಕ್ಕೆ ದಪ್ಪವಾಯಿತು. ಆದ್ದರಿಂದ ಜಲವರ್ಣಕ್ಕೆಂದೇ ಮಾಡಿದ, ಪೂರ್ತಿ ಹತ್ತಿಯ, ನುಣುಪು ಮೈಯ ಹಾಟ್ ಪ್ರೆಸ್ ಕಾಗದವನ್ನು ಆರಿಸಿಕೊಳ್ಳಿ. ಇದನ್ನು ಚಿತ್ರಸಾಮಗ್ರಿ ಅಂಗಡಿಯಲ್ಲೇ ಕೊಳ್ಳಬೇಕು; ಬೆನ್ನಿಗೆ ಬೇಕಾದ ಗಟ್ಟಿ ರಟ್ಟು ಬೆಂಗಳೂರಿನ ಸುಲ್ತಾನ್‌ಪೇಟೆಯ ಕಾಗದದ ಅಂಗಡಿಗಳಲ್ಲಾಗಲಿ ಅವೆನ್ಯೂ ರಸ್ತೆಯಲ್ಲಾಗಲಿ ಸಿಗುತ್ತದೆ.

ಮೈದಾ ಅಂಟನ್ನು ತೆಳ್ಳಗೆ ಕಾಯಿಸಿ, ಗಂಟುಗಳು ಉಳಿಯದಂತೆ ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿಕೊಳ್ಳಿ. ಕಾಗದವನ್ನು ರಟ್ಟಿಗೆ ಅಂಟಿಸಿ, ಎರಡು ಶುಭ್ರವಾದ ಹಾಳೆಗಳ ನಡುವೆ ಇಟ್ಟು, ಭಾರವಾದ ಪುಸ್ತಕಗಳ ಅಡಿಯಲ್ಲಿ ಒಂದು ರಾತ್ರಿ ಬಿಡಿ. ಮರುದಿನ ಅದನ್ನು ಗಾಜಿನ ಮೇಲೆ ಮುಖ ಕೆಳಗಾಗಿ ಮಲಗಿಸಿ, ಹಿಂಬದಿಯಿಂದ ನುಣುಪಾದ ಅಗೇಟ್ ಕಲ್ಲಿನಲ್ಲಿ ಗಟ್ಟಿಯಾಗಿ ತಿಕ್ಕಿರಿ. ಮುಂಬದಿ ತಿಕ್ಕಿದರೆ ಕಾಗದದ ಮೈ ಎಣ್ಣೆ ಹಚ್ಚಿದಂತಾಗಿ ಬಣ್ಣವನ್ನು ಹಿಡಿಯುವುದಿಲ್ಲ. ಚಿತ್ರ ಪೂರ್ತಿಯಾಗುವವರೆಗೆ ವೃತ್ತವನ್ನು ಕತ್ತರಿಸಬೇಡಿ; ಬೆರಳಿಡಲು ಸುತ್ತ ಜಾಗ ಬೇಕಾಗುತ್ತದೆ.

ಹಿಲಿಯರ್ಡ್ ಸುಮಾರು 1600ರ ಹೊತ್ತಿಗೆ ತನ್ನ ಕಲೆಯ ಬಗ್ಗೆ ಒಂದು ಪ್ರಬಂಧವನ್ನು ಬರೆದಿಟ್ಟ. ಅದರಲ್ಲಿ ಬಣ್ಣಗಳಿಗೆ ಕೊಟ್ಟಷ್ಟೇ ಗಮನವನ್ನು ಅವನು ಧೂಳಿಗೂ ಕೊಟ್ಟಿದ್ದಾನೆ. ಎಳೆ ಉದುರದ ರೇಷ್ಮೆಯ ಉಡುಪು ತೊಡಬೇಕು, ತಲೆಯ ಹೊಟ್ಟು ಚಿತ್ರದ ಮೇಲೆ ಬೀಳಬಾರದು, ಬಾಗಿ ಮಾತನಾಡಿ ಎಂಜಲು ಸಿಡಿಸಬಾರದು, ಬೆರಳಿನಿಂದ ಚಿತ್ರವನ್ನು ಮುಟ್ಟಬಾರದು ಎಂದು ಅವನು ಒಂದೊಂದಾಗಿ ಎಚ್ಚರಿಸುತ್ತಾನೆ. ಬೆಂಗಳೂರಿನಲ್ಲಿ ಬೀದಿಯ ಕಡೆಗೆ ಕಿಟಕಿ ತೆರೆದು ಕೆಲಸ ಮಾಡುವ ಯಾರಿಗೂ ಇದು ಅತಿಯೆನಿಸಲಾರದು. ನಾನು ಬೆಳಗ್ಗೆ ನೆಲ ಒರೆಸಿ ಅರ್ಧ ಗಂಟೆ ಬಿಟ್ಟು, ಫ್ಯಾನು ನಿಲ್ಲಿಸಿ, ವಾಹನಗಳ ಓಡಾಟ ಹೆಚ್ಚುವ ಮೊದಲೇ ಕೆಲಸಕ್ಕೆ ಕೂರುತ್ತೇನೆ. ಉಣ್ಣೆಯ ಶಾಲನ್ನಂತೂ ಡಿಸೆಂಬರಿನ ಚಳಿಯಲ್ಲೂ ಹೊದೆಯುವುದಿಲ್ಲ. ನೀರಿನ ವಿಷಯದಲ್ಲೂ ಹಾಗೆಯೇ. ಅವನು ಶುದ್ಧವಾದ, ಬಟ್ಟಿ ಇಳಿಸಿದ ನೀರನ್ನು ಹೇಳುತ್ತಾನೆ. ನಮ್ಮ ಕೊಳವೆಬಾವಿಯ ಗಡಸು ನೀರು ಒಣಗಿದಲ್ಲೆಲ್ಲ ಬಿಳಿಯ ಪೊರೆ ಬಿಡುವುದರಿಂದ, ಡಿಸ್ಟಿಲ್ಡ್ ವಾಟರಿನ ಒಂದು ಬಾಟಲಿಯನ್ನು ಇದಕ್ಕೆಂದೇ ತೆಗೆದಿರಿಸಿಕೊಳ್ಳಿ.

ಬೆಳಕಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಶೈಲಿಯ ಗುಟ್ಟು ಇರುವುದೇ ಅಲ್ಲಿ. ಒಂದನೆಯ ಎಲಿಜಬೆತ್ ರಾಣಿ ಹಿಲಿಯರ್ಡನ ಮುಂದೆ ಚಿತ್ರಕ್ಕೆ ಕುಳಿತಾಗ, ಹತ್ತಿರದಲ್ಲಿ ಮರವಾಗಲಿ ನೆರಳಾಗಲಿ ಇಲ್ಲದ ತೋಟದ ಬಯಲು ದಾರಿಯನ್ನು ಆರಿಸಿಕೊಂಡಳೆಂದು ಅವನೇ ಬರೆದಿದ್ದಾನೆ. ಗೇಣು ದೂರದಲ್ಲಿ ನೋಡುವ ಚಿತ್ರಕ್ಕೆ ಕಡುನೆರಳು ಬೇಕಿಲ್ಲ, ರೇಖೆ ಸಾಕು ಎಂಬುದು ಅವನ ನಿಲುವು. ಒಳಗೆ ಕೂರುವುದಾದರೆ ಉತ್ತರದ, ತುಸು ಪೂರ್ವಕ್ಕೆ ವಾಲಿದ ಬೆಳಕು ಒಳ್ಳೆಯದೆಂದೂ ಅವನು ಹೇಳುತ್ತಾನೆ. ಈ ಸಲಹೆಯನ್ನು ಮಾತ್ರ ಇಲ್ಲಿ ಕಣ್ಣು ಮುಚ್ಚಿ ಪಾಲಿಸಲಾಗದು. ಲಂಡನ್ನಿನಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲಿಯೇ ಇರುತ್ತಾನೆ; 13 ಡಿಗ್ರಿ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಅವನು ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ, ಬೆಳಗಿನ ಹೊತ್ತು ಉತ್ತರದ ಕಿಟಕಿಗೇ ಓರೆಯಾಗಿ ಬಿಸಿಲು ಬೀಳುತ್ತದೆ. ನನ್ನ ಮೊದಲ ಚಿತ್ರ ಕೆಟ್ಟದ್ದು ಮೇ ತಿಂಗಳಿನಲ್ಲಿ. ಒಂದೇ ಬೈಠಕ್ಕಿನಲ್ಲಿ ಕೆನ್ನೆಯ ನೆರಳು ಮೂರು ಸಲ ಜಾಗ ಬದಲಿಸಿತ್ತು, ನಾನು ಮೂರನ್ನೂ ಬರೆದಿದ್ದೆ. ಆ ತಿಂಗಳುಗಳಲ್ಲಿ ಕಿಟಕಿಗೆ ಅಡ್ಡವಾಗಿ ತೆಳುವಾದ ಬಿಳಿ ಪಂಚೆಯೊಂದನ್ನು ಇಳಿಬಿಡಿ. ಹಳೆಯ ಮನೆಗಳ ಜಗುಲಿಯಾದರೆ, ಮೂರು ಕಡೆಯಿಂದ ಆಕಾಶದ ಬೆಳಕು ಬರುವುದರಿಂದ, ರಾಣಿಯ ತೋಟಕ್ಕೆ ಅದು ಬಹಳ ಹತ್ತಿರವಾಗುತ್ತದೆ.

ಬಣ್ಣಗಳಲ್ಲಿ ಕೆಲವನ್ನು ಅಂದಿನಂತೆ ಬಳಸಬಾರದು. ಅವರ ಬಿಳಿ ಸೀಸದ್ದು, ಸಿಂಧೂರವೂ ಸೀಸದ್ದು, ಇಂಗಳೀಕ ಪಾದರಸದ್ದು, ಎಲ್ಲವೂ ವಿಷ. ಬಿಳಿಗೆ ಟೈಟಾನಿಯಮ್ ವೈಟ್ ಗ್ವಾಶ್ (ಅಡಿಯ ಬಣ್ಣ ಕಾಣಗೊಡದ ಗಟ್ಟಿ ಜಲವರ್ಣ), ಹಿನ್ನೆಲೆಯ ನೀಲಿಗೆ ಅಲ್ಟ್ರಾಮರೀನ್, ಕೆನ್ನೆಯ ಕೆಂಪಿಗೆ ಬೆಳಕಿನಲ್ಲಿ ಮಾಸದ ಕ್ವಿನಾಕ್ರಿಡೋನ್ ಗುಲಾಬಿ ಸಾಕು. ಹಿಲಿಯರ್ಡನ ಮುಖಗಳು ಇಂದು ಹಾಲಿನಂತೆ ಬಿಳಿಚಿಕೊಂಡು ಕಾಣುವುದಕ್ಕೆ ಒಂದು ಮುಖ್ಯ ಕಾರಣ, ಅವನು ಬಳಸಿದ ಕೆಂಪು ಅರಗಿನಂಥ ಬಣ್ಣಗಳು ಬೆಳಕಿಗೆ ಮಾಸಿಹೋಗಿರುವುದು. ಆ ಬಿಳಿಚನ್ನೇ ಶೈಲಿಯೆಂದು ನಂಬಿ ಅನುಕರಿಸುವುದು ತಪ್ಪು. ಬಣ್ಣಗಳನ್ನು ಅವರು ಚಿಪ್ಪುಗಳಲ್ಲಿ ಕಲಸಿಡುತ್ತಿದ್ದರು. ಕರಾವಳಿಯವರ ಮನೆಯಲ್ಲಿ ಮರುವಾಯಿ ಚಿಪ್ಪು ಸಿಕ್ಕರೆ ಚೆನ್ನಾಗಿ ತೊಳೆದು ಇಟ್ಟುಕೊಳ್ಳಿ, ಅದರ ಒಳಮೈಯ ಬಿಳುಪಿನಲ್ಲಿ ಬಣ್ಣದ ನಿಜವಾದ ಛಾಯೆ ಕಾಣುತ್ತದೆ. ಕುಂಚದ ಬಗ್ಗೆ ಒಂದೇ ಮಾತು: ಸೊನ್ನೆ ಸೊನ್ನೆ ಸೊನ್ನೆ ನಂಬರಿನ ತೀರ ಸಣ್ಣ ಕುಂಚವನ್ನು ಕೊಳ್ಳಬೇಡಿ. ಅದರ ಹೊಟ್ಟೆಯಲ್ಲಿ ನೀರು ನಿಲ್ಲುವುದಿಲ್ಲ, ಬಣ್ಣ ಕಾಗದ ಮುಟ್ಟುವ ಮೊದಲೇ ಒಣಗುತ್ತದೆ. ತುದಿ ಸೂಜಿಯಂತೆ ಕೂಡುವ ಒಂದನೇ ನಂಬರಿನ ಕುಂಚವೇ ಸರಿ. ಟ್ಯೂಡರ್ ಕಲಾವಿದರೂ ಮೈಸೂರಿನ ಚಿತ್ರಗಾರರೂ ಅಳಿಲಿನ ಕೂದಲನ್ನು ನೆಚ್ಚಿಕೊಂಡದ್ದು ಈ ಗುಣಕ್ಕಾಗಿಯೇ.

ಈಗ ಮುಖಕ್ಕೆ ಬರೋಣ. ಮೊದಲು ಹಚ್ಚುವ ಮೈಬಣ್ಣದ ಪದರಕ್ಕೆ ಅವರು ಕಾರ್ನೇಷನ್ ಎನ್ನುತ್ತಿದ್ದರು. ಕುಳಿತವರ ಮುಖದಲ್ಲಿ ಎಲ್ಲಕ್ಕಿಂತ ತಿಳಿಯಾದ ಜಾಗ ಯಾವುದೋ, ಸಾಮಾನ್ಯವಾಗಿ ಹಣೆಯ ಮೇಲ್ಭಾಗ, ಆ ಜಾಗದ ಬಣ್ಣವನ್ನೇ ಇಡೀ ಮುಖಕ್ಕೆ ಹಚ್ಚಬೇಕು. ಹಿಲಿಯರ್ಡ್ ಹೇಳುವಂತೆ, ಈ ಪದರ ತಿಳಿಯಾದರೆ ಬೇಕಾದಷ್ಟು ಕಂದಾಗಿಸಬಹುದು, ಆದರೆ ಮೊದಲೇ ಕಂದಾದರೆ ಮತ್ತೆ ತಿಳಿಯಾಗಿಸಲಾಗದು. ಅವನ ಬಿಳಿ ಸೀಸದ ಮಿಶ್ರಣ ನಮ್ಮ ಮುಖಗಳಿಗೆ ಹೊಂದುವುದಿಲ್ಲ. ಯೆಲ್ಲೋ ಓಕರ್, ಬರ್ಂಟ್ ಸಿಯೆನ್ನಾ, ಬಿಳಿ, ಕಣ್ಣಿಗೆ ಕಂಡೂ ಕಾಣದಷ್ಟು ಗುಲಾಬಿ ಇಷ್ಟನ್ನು ಬೆರೆಸಿ, ಮೂರು ನಾಲ್ಕು ಛಾಯೆಗಳನ್ನು ಬೇರೆ ಬೇರೆ ಚಿಪ್ಪುಗಳಲ್ಲಿ ಮಾಡಿಟ್ಟುಕೊಂಡು, ಕುಳಿತವರ ಹಣೆಯ ಪಕ್ಕದಲ್ಲಿ ಹಿಡಿದು ನೋಡಿ ಆರಿಸಿಕೊಳ್ಳಿ. ಚಿತ್ರಕ್ಕೆ ಕೂರುವವರು ಬಂದ ಕೂಡಲೇ ಹೊಂದುವ ಛಾಯೆ ಕೈಗೆಟುಕಲಿ ಎಂದು ಅವರೂ ಹೀಗೆಯೇ ಹಲವು ಚಿಪ್ಪುಗಳನ್ನು ಮೊದಲೇ ಸಿದ್ಧವಾಗಿಡುತ್ತಿದ್ದರು.

ಈ ಬಣ್ಣ ನೀರುದೋಸೆಯ ಹಿಟ್ಟಿನಷ್ಟು ಹರಿಯುವಂತಿರಬೇಕು, ಮತ್ತು ಅದರ ನಿಯಮವೂ ನೀರುದೋಸೆಯದ್ದೇ. ಒಮ್ಮೆ ಹರಡಿದ ಮೇಲೆ ಮತ್ತೆ ಕೈ ಆಡಿಸಬಾರದು. ಕುಂಚ ತುಂಬ ಬಣ್ಣ ತೆಗೆದುಕೊಂಡು, ಹಣೆಯಿಂದ ಗಲ್ಲದವರೆಗೆ ತಡೆಯದೆ ಹರಿಸಿ, ಮಟ್ಟಸವಾಗಿ ಒಣಗಲು ಬಿಡಿ. ಒಣಗುವಾಗ ಗೆರೆ ಕಂಡಿತೆಂದು ಮುಟ್ಟಿದರೆ ಅಡಿಯ ಪದರ ಎದ್ದು ತೇಪೆಯಾಗುತ್ತದೆ. ಬಣ್ಣಕ್ಕೆ ಗೋಂದು ಹೆಚ್ಚಾಗಿದ್ದರೆ ಪದರ ಹೊಳೆಯುತ್ತದೆ, ವಾರದೊಳಗೆ ಸಣ್ಣ ಬಿರುಕು ಬಿಡುತ್ತದೆ; ಕಡಿಮೆಯಾಗಿದ್ದರೆ ಬೆರಳಿಗೆ ಪುಡಿಯಂತೆ ಬರುತ್ತದೆ. ಪಕ್ಕದ ತುಂಡಿನ ಮೇಲೆ ಹಚ್ಚಿ ಪರೀಕ್ಷಿಸಿದ ಮೇಲೆಯೇ ಮುಖಕ್ಕೆ ಹಚ್ಚಿ.

ಪದರ ಪೂರ್ತಿ ಒಣಗಿದ ಮೇಲೆ ಅದರ ಮೇಲೆ ತೆಳುವಾದ ಕೆಂಗಂದು ಬಣ್ಣದಿಂದ ರೇಖೆ ಎಳೆಯುವುದು ಎರಡನೆಯ ಹಂತ. ಪೂರ್ತಿ ಎದುರು ಮುಖವನ್ನು ಆರಿಸಬೇಡಿ. ಮುಕ್ಕಾಲು ತಿರುವಿನಲ್ಲಿ ಮೂಗಿನ ರೇಖೆಯೊಂದೇ ಇಡೀ ಮುಖವನ್ನು ನಿಲ್ಲಿಸುತ್ತದೆ. ನಮ್ಮ ಶಿಲ್ಪಿಗಳು ವಿಗ್ರಹದ ಕಣ್ಣನ್ನು ಕೊನೆಗೆ ತೆರೆಸುತ್ತಾರೆ. ಇಲ್ಲಿ ಕಣ್ಣಿನ ಜಾಗವನ್ನು ಮೊದಲು ಗುರುತಿಸಿಕೊಂಡು, ಉಳಿದುದೆಲ್ಲವನ್ನೂ ಅದರಿಂದ ಅಳೆಯುವುದು ವಾಸಿ, ಏಕೆಂದರೆ ಅರ್ಧ ಮಿಲಿಮೀಟರು ಸರಿದರೂ ಈ ಅಳತೆಯಲ್ಲಿ ಮುಖ ಬೇರೆಯವರದ್ದಾಗುತ್ತದೆ. ನಂತರ ಚುಕ್ಕೆಗಳಿಂದಲೂ ಒಂದರ ಪಕ್ಕ ಒಂದು ಬರುವ ಎಳೆಗೆರೆಗಳಿಂದಲೂ ಕೆನ್ನೆ, ಕಣ್ಣುಗುಡ್ಡೆಯ ಸುತ್ತ, ತುಟಿಯ ಕೆಳಗೆ ನಿಧಾನವಾಗಿ ಗಾಢಗೊಳಿಸುತ್ತ ಹೋಗಿ. ಕುಂಚದಲ್ಲಿ ನೀರಿಗಿಂತ ಬಣ್ಣ ಹೆಚ್ಚಿರಲಿ, ಆದರೆ ಬಣ್ಣ ಎಷ್ಟು ತಿಳಿಯಾಗಿರಬೇಕೆಂದರೆ ಒಂದು ಗೆರೆ ಎಳೆದಾಗ ಎಳೆದಂತೆಯೇ ಕಾಣಬಾರದು. ಹತ್ತು ಗೆರೆಗಳಾದ ಮೇಲೆ ಕೆನ್ನೆ ತಿರುಗಿರಬೇಕು.

ನಾನು ಇದನ್ನು ಕಲಿತದ್ದು ನನ್ನ ಅಜ್ಜಿಯ ಮುಖದ ಮೇಲೆ. ಸುಮ್ಮನೆ ಕೂರಲು ಹೇಳಿದಾಗ ಅಜ್ಜಿಯ ಮುಖ ಫೋಟೊ ಸ್ಟುಡಿಯೋದಲ್ಲಿ ಕುಳಿತವರಂತೆ ಬಿಗಿಯಾಯಿತು. ಮರುದಿನ ಒಂದು ಬುಟ್ಟಿ ಮಲ್ಲಿಗೆ ಮೊಗ್ಗನ್ನು ಮುಂದಿಟ್ಟೆ. ಮೊಳದ ಮೇಲೆ ಮೊಳ ಹೂ ಕಟ್ಟುತ್ತ, ಅವ್ವನ ಮನೆಯ ಮಾತಾಡುತ್ತ, ಅಜ್ಜಿ ತನ್ನ ಪಾಡಿಗೆ ತಾನಿದ್ದಳು. ದಾರ ಕಚ್ಚಲು ತಲೆ ಎತ್ತಿದಾಗಲೆಲ್ಲ ಅದೇ ತಿರುವಿಗೆ ಮುಖ ಬರುತ್ತಿತ್ತು. ಓಡುವ ಮಿಂಚಿನಂತೆ ಬಂದುಹೋಗುವ ನೋಟವನ್ನೂ ನಗುವನ್ನೂ ಹಿಡಿಯಬೇಕೆಂದು ಹಿಲಿಯರ್ಡ್ ಹೇಳುತ್ತಾನೆ, ಮಿತವಾದ ಮಾತು, ಓದು, ಸಂಗೀತ ಬೈಠಕ್ಕಿಗೆ ಒಳ್ಳೆಯದೆಂದೂ ಹೇಳುತ್ತಾನೆ. ಕೈಗೆ ಅಭ್ಯಾಸವಾದ ಕೆಲಸವನ್ನು ಕೊಟ್ಟು ಕೂರಿಸುವುದೂ ಅದೇ ಸಾಲಿಗೆ ಸೇರುತ್ತದೆಂದು ನನಗನಿಸುತ್ತದೆ. ಎರಡೆರಡು ಗಂಟೆಯ ಮೂರು ಬೈಠಕ್ಕುಗಳು ಸಾಕು. ಅಷ್ಟು ಕೂರಲಾಗದವರಿಗೆ ಹೋಲ್ಬೈನನ ದಾರಿಯಿದೆ: ಅವನು ಒಮ್ಮೆ ಕೂರಿಸಿ ಬಣ್ಣದ ಸೀಮೆಸುಣ್ಣದಲ್ಲಿ ಮುಖವನ್ನು ಬರೆದುಕೊಂಡು, ಬಟ್ಟೆಯ ಬಗೆಯನ್ನೂ ಬಣ್ಣವನ್ನೂ ಅದರ ಮೇಲೆಯೇ ಜರ್ಮನ್ ಭಾಷೆಯಲ್ಲಿ ಟಿಪ್ಪಣಿ ಮಾಡಿಕೊಂಡು, ಚಿತ್ರವನ್ನು ಆಮೇಲೆ ಮುಗಿಸುತ್ತಿದ್ದ. ಅಂಥ ಸುಮಾರು ಎಂಬತ್ತು ರೇಖಾಚಿತ್ರಗಳು ವಿಂಡ್ಸರ್ ಅರಮನೆಯಲ್ಲಿವೆ. ನೀವೂ ಹಾಳೆಯ ಅಂಚಿನಲ್ಲಿ ಮಾವಿನೆಲೆ ಹಸಿರು, ಗಂಗಾ ಜಮುನಾ ಅಂಚು, ಹಣೆಯಲ್ಲಿ ಗಾಯದ ಗುರುತು ಎಂದು ಬರೆದಿಟ್ಟುಕೊಳ್ಳಿ. ಮೊಬೈಲ್ ಫೋಟೊವನ್ನು ದೊಡ್ಡದು ಮಾಡಿ ನೋಡುತ್ತ ಬರೆಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದು ಗೇಣು ದೂರದಿಂದ ಕಾಣದ ಚರ್ಮದ ರಂಧ್ರಗಳನ್ನೆಲ್ಲ ತೋರಿಸಿ, ಕಾಣುವ ನೋಟವನ್ನು ಮರೆಸುತ್ತದೆ.

ಹಿನ್ನೆಲೆಯ ನೀಲಿಯನ್ನೂ ಮೈಬಣ್ಣದಂತೆಯೇ ಒಂದೇ ಸಲಕ್ಕೆ ಹರಿಸಿ, ಕೂದಲಿನ ಅಂಚಿನಲ್ಲಿ ಮೊದಲು ಕುಂಚದ ತುದಿಯಿಂದ ಗಡಿ ಹಾಕಿಕೊಂಡು. ಅದು ಒಣಗಿದ ಮೇಲೆ ಇಸವಿಯನ್ನೂ ವಯಸ್ಸನ್ನೂ ಚಿನ್ನದ ಬಣ್ಣದಲ್ಲಿ ಬರೆಯುವುದು ಅಂದಿನ ಪದ್ಧತಿ. ಅವರು ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದರು. ನಾನು ಕನ್ನಡದಲ್ಲಿ ಬರೆದೆ. ನಮ್ಮ ಅಕ್ಷರಗಳ ದುಂಡು ಆ ವೃತ್ತಕ್ಕೆ ಚೆನ್ನಾಗಿ ಕೂಡಿಬರುತ್ತದೆ.

ಒಡವೆಗೆ ಬಂದಾಗ ಕುಂಚ ಹಿಡಿದವರು ಅಕ್ಕಸಾಲಿಗರಾಗಬೇಕು. ಈ ಹಂತಕ್ಕೆ ಮೊದಲು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿ, ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ಒಡವೆಗಳು ಹೇಗೆ ಉಬ್ಬಿ ನಿಂತಿವೆ, ಅವುಗಳ ಮೇಲೆ ಚಿನ್ನದ ರೇಕು ಹೇಗೆ ಕುಳಿತಿದೆ ಎಂಬುದನ್ನು ಓರೆಯಾಗಿ ನಿಂತು ನೋಡಿ ಬನ್ನಿ. ಹಿಲಿಯರ್ಡನ ಕ್ರಮವೂ ಉಬ್ಬಿನದ್ದೇ. ಮುತ್ತಿಗೆ ಅವನು ದಪ್ಪ ಬಿಳಿಯ ಹನಿಯೊಂದನ್ನಿಟ್ಟು, ಅದರ ತಲೆಯ ಮೇಲೆ ಬೆಳ್ಳಿಯ ಚುಕ್ಕೆಯಿಟ್ಟು, ಸಣ್ಣ ಪ್ರಾಣಿಯ ಹಲ್ಲಿನಿಂದ ಉಜ್ಜಿ ಹೊಳಪು ತರಿಸುತ್ತಿದ್ದ. ಕೆಂಪಿನ ಹರಳಿಗೆ ಉಜ್ಜಿದ ಬೆಳ್ಳಿಯ ಮೇಲೆ ಬಣ್ಣ ಬೆರೆಸಿದ ಮರದ ರಾಳದ ಹನಿಯನ್ನು ಬಿಡುತ್ತಿದ್ದ. ಬೆಳಕು ರಾಳವನ್ನು ದಾಟಿ ಬೆಳ್ಳಿಗೆ ತಾಗಿ ಹಿಂದಿರುಗಿ ಹೊಳೆಯುತ್ತಿತ್ತು. ಆದರೆ ಬೆಳ್ಳಿ ಗಾಳಿಗೆ ಕಪ್ಪಾಗುತ್ತದೆ. ಅವನ ಮುತ್ತುಗಳಲ್ಲಿ ಇಂದು ಅನೇಕವು ಕಪ್ಪು ಚುಕ್ಕೆ ಹೊತ್ತು ನಿಂತಿವೆ. ಆದ್ದರಿಂದ ಬೆಳ್ಳಿಯ ರೇಕಿನ ಬದಲು ಕಪ್ಪಾಗದ ಅಲ್ಯುಮಿನಿಯಮ್ ರೇಕನ್ನು ಬಳಸಿ.

ಅಜ್ಜಿಯ ಮೂಗುತಿಗೆ ನಾನು ಮಾಡಿದ್ದು ಹೀಗೆ. ಗಟ್ಟಿ ಬಿಳಿಯನ್ನು ಸೂಜಿಯ ತುದಿಯಲ್ಲಿ ತೆಗೆದು ಸಾಸಿವೆಯ ಕಾಲುಭಾಗದಷ್ಟು ಹನಿಯಿಟ್ಟೆ. ಒಣಗಿದ ಮೇಲೆ ಗೋಂದಿನ ನೀರು ತಾಗಿಸಿ, ಉಸಿರು ಬಿಗಿಹಿಡಿದು ರೇಕಿನ ಚೂರನ್ನು ಕೂರಿಸಿದೆ, ಅಗೇಟ್ ಕಲ್ಲಿನ ತುದಿಯಿಂದ ಒತ್ತಿ ಉಜ್ಜಿದೆ, ಸುತ್ತಲೂ ಚಿನ್ನದ ಬಣ್ಣದ ಏಳು ಚುಕ್ಕೆಗಳನ್ನಿಟ್ಟೆ. ತೋರಿಸಿದಾಗ ಅಜ್ಜಿ ಕನ್ನಡಕ ಸರಿಮಾಡಿಕೊಂಡು, ಚಿತ್ರವನ್ನು ಕಿಟಕಿಯತ್ತ ಓರೆ ಮಾಡಿ, ಮೂಗುತಿ ಮಿನುಗುವುದನ್ನು ಎರಡು ಸಲ ನೋಡಿದಳು. "ಹರಳು ಏಳಲ್ಲ ಕಣೇ, ಒಂದು ಬಿದ್ದುಹೋಗಿ ಎಷ್ಟೋ ವರ್ಷವಾಯಿತು, ಆರೇ ಇರೋದು" ಎಂದಳು. ಒಂದು ಚುಕ್ಕೆಯನ್ನು ಒದ್ದೆ ಕುಂಚದಿಂದ ಎಬ್ಬಿಸಿ ತೆಗೆದೆ. ಚಿತ್ರದಲ್ಲಿ ಆ ಜಾಗ ಈಗಲೂ ಖಾಲಿಯಿದೆ. ಸೀರೆಯ ಜರಿಗೆ ಇಷ್ಟು ಶ್ರಮ ಬೇಡ. ಓಕರ್ ಹಚ್ಚಿ ಮೇಲೆ ಚಿನ್ನದ ಎಳೆಗಳನ್ನು ಎಳೆದರೆ ಆಯಿತು.

ಮುಗಿದ ಚಿತ್ರವನ್ನು ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ. ಎಂಟನೆಯ ಹೆನ್ರಿಗಾಗಿ ಹೋಲ್ಬೈನ್ 1539ರಲ್ಲಿ ಬರೆದ, ಹೆನ್ರಿ ಮುಂದೆ ಮದುವೆಯಾದ ಕ್ಲೀವ್ಸಿನ ಆನ್‌ಳ ಕಿರು ಭಾವಚಿತ್ರ ಗುಲಾಬಿಯಾಕಾರದ ಮುಚ್ಚಳವಿರುವ ದಂತದ ಭರಣಿಯೊಳಗಿದೆ, ಅದರ ಬಣ್ಣ ಉಳಿದಿರುವುದಕ್ಕೆ ಆ ಕತ್ತಲೆಯ ಋಣವೂ ಇದೆ. ಚನ್ನಪಟ್ಟಣದ ಕಡೆಸಲಿನ ಮರದ ಕುಂಕುಮ ಭರಣಿ ನಮಗೆ ಅದಕ್ಕಿಂತ ಒಳ್ಳೆಯ ಮನೆ. ಭರಣಿಯ ಒಳ ಅಳತೆಯನ್ನು ಮೊದಲೇ ನೋಡಿಕೊಂಡು ಅದಕ್ಕೆ ಸರಿಯಾದ ಬಳೆಯನ್ನು ಆರಿಸಿಕೊಂಡರೆ ಕೊನೆಗೆ ಕತ್ತರಿಸುವಾಗ ಕಷ್ಟವಾಗದು. ಮಳೆಗಾಲದ ತೇವಕ್ಕೆ ಸಿಲಿಕಾ ಜೆಲ್ಲಿನ ಒಂದು ಪುಟ್ಟ ಪೊಟ್ಟಣವನ್ನು ಅಡಿಯಲ್ಲಿಡಿ. ಸ್ಕಾಟ್ಲೆಂಡಿನ ರಾಯಭಾರಿ ಜೇಮ್ಸ್ ಮೆಲ್ವಿಲ್ 1564ರಲ್ಲಿ ಬಂದಾಗ ಎಲಿಜಬೆತ್ ತನ್ನ ಮಲಗುವ ಕೋಣೆಯ ಪುಟ್ಟ ಪೆಟ್ಟಿಗೆಯನ್ನು ತೆರೆದು ಕಿರು ಭಾವಚಿತ್ರಗಳನ್ನು ತೋರಿಸಿದಳು. ಒಂದೊಂದೂ ಕಾಗದದಲ್ಲಿ ಸುತ್ತಿತ್ತು, ಕಾಗದದ ಮೇಲೆ ಅವರವರ ಹೆಸರನ್ನು ಅವಳೇ ತನ್ನ ಕೈಯಾರೆ ಬರೆದಿದ್ದಳು. ಆಮ್ಲರಹಿತ ಬಿಳಿ ಟಿಶ್ಯೂ ಕಾಗದದಲ್ಲಿ ಹಾಗೆಯೇ ಸುತ್ತಿ, ಹೆಸರನ್ನು ಪೆನ್ಸಿಲಿನಿಂದ ಬರೆಯಿರಿ, ಶಾಯಿಯಿಂದ ಬೇಡ. ತೇವ ತಾಗಿದರೆ ಶಾಯಿ ಕಾಗದ ದಾಟಿ ಮುಖಕ್ಕೆ ಇಳಿಯುತ್ತದೆ.